ಠುಸ್ಸಾದ ಚಂಡಮಾರುತ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯ ಗುಡ್ಡೆಗಳು ಏಳುವ ಹೊತ್ತಿಗೆ ನನಗೆ ಮಾಲೂರಿನ ಕಡೆಯಿಂದ ಫೋನ್ ಬರುತ್ತದೆ. ಹೆಂಡತಿಯ ತಮ್ಮ ಅಲ್ಲಿ ರಾಗಿ ಬೆಳೆಯುತ್ತಾನೆ. "ಭಾವ, ಟಿ.ವಿ.ಯಲ್ಲಿ ಚಂಡಮಾರುತ ಎನ್ನುತ್ತಿದ್ದಾರೆ. ರಾಗಿ ಕೊಯ್ಯಲೇ, ಬಿಡಲೇ?" ಕೊಯ್ದು ಹೊಲದಲ್ಲೇ ಬಿಟ್ಟರೆ ಜಡಿಮಳೆಗೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಕೊಯ್ಯದೆ ಬಿಟ್ಟರೆ ಪೈರು ಮಲಗುತ್ತದೆ. ನಾಲ್ಕು ದಿನ ಕಳೆದ ಮೇಲೆ ಅವನೇ ಮತ್ತೆ ಫೋನ್ ಮಾಡುತ್ತಾನೆ: "ಏನು ಭಾವ, ಠುಸ್ ಪಟಾಕಿಯಾಯಿತಲ್ಲ!"

ನಾನು ಹವಾಮಾನ ತಜ್ಞನಲ್ಲ. ಮೂವತ್ತು ವರ್ಷ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡಿದವನು. ಈಗ ತಾರಸಿಯ ಮೇಲೊಂದು ಮಳೆಮಾಪಕ ಇಟ್ಟುಕೊಂಡು, ಹವಾಮಾನ ಇಲಾಖೆಯ ಪ್ರಕಟಣೆಗಳನ್ನೂ ಉಪಗ್ರಹ ಚಿತ್ರಗಳನ್ನೂ ದಿನಪತ್ರಿಕೆಯಂತೆ ಓದುತ್ತೇನೆ. ಕಸುಬು ಬಿಟ್ಟರೂ ಅಭ್ಯಾಸ ಬಿಟ್ಟಿಲ್ಲ: ಮೋಟಾರ್ ತಿರುಗುತ್ತಿದೆ, ನೀರು ಮಾತ್ರ ಬರುತ್ತಿಲ್ಲ ಎಂಬ ದೂರು ಬಂದರೆ ಯಾವ ನಟ್ಟನ್ನು ಮೊದಲು ಬಿಚ್ಚಬೇಕು ಎನ್ನುವುದಕ್ಕೆ ಒಂದು ಕ್ರಮ ಇರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಮೋಡ ಕಟ್ಟಿಯೂ ಚಂಡಮಾರುತ ಏಳದಿದ್ದಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಬಿಚ್ಚುವ ಮೊದಲು: ದೂರು ಸರಿಯಾಗಿದೆಯೇ?

ಅಂಗಡಿಗೆ ಬರುವ ದೂರುಗಳಲ್ಲಿ ಎಷ್ಟೋ ದೂರುಗಳೇ ಅಲ್ಲ. ಗೇಟ್‌ವಾಲ್ವ್ ಮುಚ್ಚಿರುತ್ತದೆ, ಪಂಪನ್ನು ಹೊತ್ತು ತಂದಿರುತ್ತಾರೆ. ಇಲ್ಲಿಯೂ ಹಾಗೆ. ನಮ್ಮ ಸುದ್ದಿಗಳಲ್ಲಿ 'ವಾಯುಭಾರ ಕುಸಿತ' ಎಂಬ ಒಂದೇ ಮಾತು ಎರಡು ಮೂರು ಬೇರೆ ಬೇರೆ ವಸ್ತುಗಳಿಗೆ ಅಂಟಿಕೊಂಡಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮೊದಲ ಮೆಟ್ಟಿಲು ಬರೀ ಕಡಿಮೆ ಒತ್ತಡದ ಪ್ರದೇಶ. ಅದರ ಸುತ್ತ ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ ಅದು ವಾಯುಭಾರ ಕುಸಿತ, 50 ದಾಟಿದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರು ಸಿಗುವುದು ಈ ಕೊನೆಯ ಮೆಟ್ಟಿಲಿನಲ್ಲಿ ಮಾತ್ರ. ಮೊದಲ ಮೆಟ್ಟಿಲಿನಲ್ಲೇ ಕರಗುವ ವ್ಯವಸ್ಥೆಗಳೇ ಹೆಚ್ಚು. ಅದು ದೋಷವಲ್ಲ, ಲೋಕರೂಢಿ.

2022ರ ಮಾರ್ಚ್‌ನಲ್ಲಿ ಅಂಡಮಾನ್ ಸಮುದ್ರದಲ್ಲಿ ಒಂದು ವ್ಯವಸ್ಥೆ ತೀವ್ರ ವಾಯುಭಾರ ಕುಸಿತದ ಮಟ್ಟ ತಲುಪಿತು. ಇನ್ನೇನು ಚಂಡಮಾರುತವಾಗಲಿದೆ ಎಂದು ಮುನ್ಸೂಚನೆಯಿತ್ತು, ಸರದಿಯಲ್ಲಿದ್ದ ಹೆಸರು 'ಅಸಾನಿ'. ಹೆಸರು ಸಿಗುವ ಮೊದಲೇ ಸುದ್ದಿವಾಹಿನಿಗಳು ನಾಮಕರಣ ಮುಗಿಸಿಬಿಟ್ಟವು. ಅದು ಕೊನೆಯ ಮೆಟ್ಟಿಲು ಹತ್ತದೆಯೇ ಮ್ಯಾನ್ಮಾರ್ ತೀರ ಸೇರಿತು. ಆ ಹೆಸರು ಉಳಿದುಕೊಂಡು, ಮೇ ತಿಂಗಳಲ್ಲಿ ಆಂಧ್ರದ ಕಡೆ ಬಂದ ಬೇರೊಂದು ಚಂಡಮಾರುತಕ್ಕೆ ಹೋಯಿತು. 'ಅಸಾನಿ ಎರಡು ಸಲ ಬಂತು' ಎಂದು ಇಂದಿಗೂ ವಾದಿಸುವವರು ನಮ್ಮ ಬೀದಿಯಲ್ಲಿದ್ದಾರೆ.

ಇನ್ನೊಂದು ಬಲೆ ಇಲಾಖೆಯ ದೈನಂದಿನ ಮುನ್ನೋಟದಲ್ಲೇ ಇದೆ. ಅದರಲ್ಲಿ ಮುಂದಿನ ಏಳು ದಿನಗಳಿಗೆ ಸಾಧ್ಯತೆಯನ್ನು 'ಇಲ್ಲ', 'ಕಡಿಮೆ', 'ಮಧ್ಯಮ', 'ಹೆಚ್ಚು' ಎಂದು ಕೊಟ್ಟಿರುತ್ತಾರೆ. 'ಹೆಚ್ಚು' ಎಂದು ಕಂಡ ಕೂಡಲೇ ಜನ ಹೌಹಾರುತ್ತಾರೆ. ಆ ಕೋಷ್ಟಕ ಹೇಳುವುದು ವಾಯುಭಾರ ಕುಸಿತ ಉಂಟಾಗುವ ಸಾಧ್ಯತೆಯನ್ನು, ಚಂಡಮಾರುತದ್ದನ್ನಲ್ಲ. ತಲೆಬರಹ ಓದದೆ ಅಂಕಿ ಓದುವುದು ಎಲ್ಲ ಕಸುಬಿನಲ್ಲೂ ನಷ್ಟದ ಕೆಲಸ.

ಕರೆಂಟ್ ಇದೆಯೇ? ಸಮುದ್ರವನ್ನು ಬೇಗ ನೋಡಿ ಮುಗಿಸಿ

ನೀರು ಬಾರದಿದ್ದರೆ ಎಲ್ಲರೂ ಮೊದಲು ದೂರುವುದು ವೋಲ್ಟೇಜನ್ನು. ಚಂಡಮಾರುತ ಏಳದಿದ್ದರೆ ಎಲ್ಲರೂ ಮೊದಲು ಹೇಳುವುದು 'ಸಮುದ್ರ ಬಿಸಿಯಾಗಿರಲಿಲ್ಲ' ಎಂದು. ಅಕ್ಟೋಬರ್, ನವೆಂಬರ್ ತಿಂಗಳ ಬಂಗಾಳ ಕೊಲ್ಲಿಯ ಮಟ್ಟಿಗೆ ಈ ಉತ್ತರ ಸಾಮಾನ್ಯವಾಗಿ ತಪ್ಪು.

ಅಮೆರಿಕದ ವಿಲಿಯಂ ಗ್ರೇ 1968ರಲ್ಲಿ ಜಗತ್ತಿನ ಉಷ್ಣವಲಯದ ಚಂಡಮಾರುತಗಳು ಎಲ್ಲೆಲ್ಲಿ ಹುಟ್ಟುತ್ತವೆ ಎಂದು ಪರಿಶೀಲಿಸಿ, ಅಗತ್ಯ ಪರಿಸ್ಥಿತಿಗಳ ಪಟ್ಟಿಗೆ ತಳಹದಿ ಹಾಕಿದರು. ಅದರಿಂದ ಬೆಳೆದು ಬಂದ ಪಟ್ಟಿಯಲ್ಲಿ ಸಮುದ್ರದ ಉಷ್ಣತೆಯೂ ಒಂದು: ಮೇಲ್ಮೈಯಲ್ಲಿ ಸುಮಾರು 26.5 ಡಿಗ್ರಿ ಸೆಲ್ಸಿಯಸ್, ಅದೂ ಮೇಲಿನ ಕೆನೆಯಲ್ಲಷ್ಟೇ ಅಲ್ಲ, ಐವತ್ತು ಅರವತ್ತು ಮೀಟರ್ ಆಳದ ವರೆಗೆ. ನಮ್ಮ ಕೊಲ್ಲಿಯ ದಕ್ಷಿಣ ಮತ್ತು ಮಧ್ಯಭಾಗ ಆ ತಿಂಗಳುಗಳಲ್ಲಿ 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕರೆಂಟ್ ಇದೆ ಎಂದು ಬರೆದುಕೊಂಡು ಮುಂದೆ ಹೋಗಿ.

ಮುಂದೆ ಹೋಗಬಾರದ ಸಂದರ್ಭಗಳು ಕೆಲವೇ. ಡಿಸೆಂಬರ್ ಹೊತ್ತಿಗೆ ಕೊಲ್ಲಿಯ ಉತ್ತರ ಭಾಗ ತಣಿಯುತ್ತದೆ. ಅರಬ್ಬಿ ಸಮುದ್ರದ ಪಶ್ಚಿಮದಂಚಿನಲ್ಲಿ, ಸೊಮಾಲಿಯಾ ಮತ್ತು ಒಮಾನ್ ತೀರಗಳ ಬಳಿ, ಮುಂಗಾರಿನ ಗಾಳಿ ಆಳದ ತಣ್ಣೀರನ್ನು ಮೇಲಕ್ಕೆಳೆಯುತ್ತದೆ. ವ್ಯವಸ್ಥೆ ಒಂದೇ ಕಡೆ ನಿಂತುಬಿಟ್ಟರೆ ಅದರ ಗಾಳಿಯೇ ಸಮುದ್ರವನ್ನು ಕಡೆದು ಅಡಿಯ ತಣ್ಣೀರನ್ನು ಮೇಲೆ ತರುತ್ತದೆ, ತಾನು ಕುಳಿತ ಒಲೆಗೆ ತಾನೇ ನೀರು ಹೊಯ್ದಂತೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಮೇಲ್ಪದರದಲ್ಲಿ ಅಡಗಿರುವ ಶಾಖದ ನಕ್ಷೆಯನ್ನು ಪ್ರಕಟಿಸುತ್ತದೆ. ಸಂದೇಹವಿದ್ದರೆ ಬರೀ ಮೇಲ್ಮೈ ತಾಪಮಾನ ನೋಡುವ ಬದಲು ಅದನ್ನು ನೋಡುವುದು ಲೇಸು.

ಶಾಫ್ಟ್ ನೇರವಾಗಿದೆಯೇ?

ನನ್ನ ಅನುಭವದಲ್ಲಿ ಹೆಚ್ಚಿನ ದೋಷ ಸಿಗುವುದು ಇಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ಗೆರೆಯಲ್ಲಿ ಇರಬೇಕು. ಕಪ್ಲಿಂಗ್ ಕೊಂಚ ಓರೆಯಾದರೂ ಯಂತ್ರ ನಡುಗುತ್ತದೆ, ಬೇರಿಂಗ್ ಹೋಗುತ್ತದೆ. ಚಂಡಮಾರುತವೂ ಎದ್ದುನಿಂತ ಒಂದು ಕಂಬ. ಕೆಳಗೆ ಸಮುದ್ರದ ಮೇಲೆ ಸುತ್ತುವ ಗಾಳಿ, ಅದರ ನಡುವೆ ಮೇಲಕ್ಕೆ ನುಗ್ಗುವ ಮೋಡಗಳು. ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖ ಮೇಲಿನ ಪದರಗಳನ್ನು ಬಿಸಿ ಮಾಡುತ್ತದೆ. ಬಿಸಿಯಾದ ಗಾಳಿ ಹಗುರ. ಆ ಹಗುರವಾದ ಕಂಬ ಕೆಳಗಿನ ಸುಳಿಯ ನೆತ್ತಿಯ ಮೇಲೆ ನೆಟ್ಟಗೆ ನಿಂತಾಗ ಮಾತ್ರ ಸಮುದ್ರಮಟ್ಟದ ಒತ್ತಡ ಕುಸಿಯುತ್ತದೆ, ಗಾಳಿ ಇನ್ನಷ್ಟು ಜೋರಾಗಿ ಒಳಕ್ಕೆ ಸುಳಿಯುತ್ತದೆ, ಇನ್ನಷ್ಟು ಆವಿ ಬರುತ್ತದೆ. ಈ ಚಕ್ರ ಒಮ್ಮೆ ತಿರುಗಲು ಹಿಡಿದರೆ ನಿಲ್ಲಿಸುವುದು ಕಷ್ಟ.

ಆದರೆ ಕೆಳಗಿನ ಗಾಳಿ ಒಂದು ದಿಕ್ಕಿಗೆ, ಮೇಲಿನ ಗಾಳಿ ಇನ್ನೊಂದು ದಿಕ್ಕಿಗೆ ಬೀಸುತ್ತಿದ್ದರೆ ಕಂಬ ವಾಲುತ್ತದೆ. ಶಾಖ ಎಲ್ಲೋ ಪಕ್ಕಕ್ಕೆ ಸೋರಿಹೋಗುತ್ತದೆ. ಇದನ್ನೇ ವಿಂಡ್ ಶಿಯರ್ ಎನ್ನುತ್ತಾರೆ. ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿಗೂ ಸುಮಾರು ಹನ್ನೆರಡು ಕಿ.ಮೀ. ಎತ್ತರದ ಗಾಳಿಗೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕುವುದು ರೂಢಿ. ವ್ಯತ್ಯಾಸ ಗಂಟೆಗೆ ಇಪ್ಪತ್ತು ಕಿ.ಮೀ. ಒಳಗಿದ್ದರೆ ಹಿತ, ನಲವತ್ತರ ಹತ್ತಿರಕ್ಕೆ ಬಂದರೆ ಎಳೆಯ ವ್ಯವಸ್ಥೆಗೆ ಸಂಕಟ. ಇದು ಸ್ವಿಚ್ಚಿನಂತೆ ಹೊತ್ತಿಸಿ ಆರಿಸುವ ಗೆರೆಯಲ್ಲ. ಆಗಲೇ ಬಲಿತ ಚಂಡಮಾರುತ ಇಷ್ಟನ್ನು ತಡೆದುಕೊಂಡೀತು, ನಿನ್ನೆ ಹುಟ್ಟಿದ್ದು ತಡೆದುಕೊಳ್ಳದು.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಮುಂಗಾರೇ. ಜುಲೈ, ಆಗಸ್ಟ್ ತಿಂಗಳಲ್ಲಿ ಬಂಗಾಳ ಕೊಲ್ಲಿಯ ನೀರು ಬೆಚ್ಚಗಿರುತ್ತದೆ, ಗಾಳಿಯಲ್ಲಿ ತೇವಕ್ಕೆ ಬರವಿಲ್ಲ, ಕೊಲ್ಲಿಯ ಮೇಲ್ತುದಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ ಹುಟ್ಟುತ್ತದೆ. ಆದರೂ ಆ ಎರಡು ತಿಂಗಳಲ್ಲಿ ಚಂಡಮಾರುತ ಬಲು ಅಪರೂಪ. ಕಾರಣ ನೆತ್ತಿಯ ಮೇಲಿದೆ. ಕೆಳಗೆ ಮುಂಗಾರಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿದ್ದರೆ, ಮೇಲೆ ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ ಗಂಟೆಗೆ ನೂರು ಕಿ.ಮೀ.ಗೂ ಮೀರಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಉಷ್ಣವಲಯದ ಪೂರ್ವ ಜೆಟ್ ಎಂದು ಕರೆಯುವ ಈ ಹೊಳೆಯನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ಭಾರತದವರೇ ಆದ ಪಿ. ಕೋಟೇಶ್ವರಂ. ಕೆಳಗೊಂದು ದಿಕ್ಕು, ಮೇಲೊಂದು ದಿಕ್ಕು: ಕಂಬ ನಿಲ್ಲುವುದು ಹೇಗೆ? ಚಂಡಮಾರುತಗಳು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಎಂಬ ಎರಡು ಕಂತಿನಲ್ಲಿ ಬರುವುದಕ್ಕೂ, ನಡುವೆ ಬಿಡುವು ಕೊಡುವುದಕ್ಕೂ ಮುಖ್ಯ ಕಾರಣ ಇದು.

ಚಿತ್ರದಲ್ಲಿ ಇದನ್ನು ಗುರುತಿಸುವುದು ಸುಲಭ. ಇನ್ಸಾಟ್ ಉಪಗ್ರಹದ ಹಗಲಿನ ಚಿತ್ರ ತೆರೆಯಿರಿ. ತೆಳುಮೋಡಗಳ ಒಂದು ಸುಳಿ ಬತ್ತಲೆಯಾಗಿ ಕಾಣುತ್ತಿದ್ದು, ಬೆಳ್ಳಗೆ ಹೊಳೆಯುವ ದಪ್ಪ ಮೋಡದ ಮುದ್ದೆ ಅದರಿಂದ ನೂರಾರು ಕಿ.ಮೀ. ದೂರದಲ್ಲಿ ಒಂದೇ ಬದಿಗೆ ಗುಡ್ಡೆ ಬಿದ್ದಿದ್ದರೆ ಮತ್ತೇನೂ ನೋಡಬೇಕಾಗಿಲ್ಲ, ಶಾಫ್ಟ್ ಓರೆ. ಮುದ್ದೆ ಯಾವ ಬದಿಗಿದೆಯೋ ಮೇಲ್ಗಾಳಿ ಆ ಕಡೆಗೆ ತಳ್ಳುತ್ತಿದೆ. ಮುಂಗಾರಿನಲ್ಲಿ ಅದು ಕೇಂದ್ರದ ನೈಋತ್ಯಕ್ಕೆ ಬೀಳುತ್ತದೆ, ಮುಂಗಾರಿನ ವಾಯುಭಾರ ಕುಸಿತಗಳ ದೊಡ್ಡ ಮಳೆ ಆ ಮೂಲೆಯಲ್ಲೇ ಸುರಿಯುವುದು ಅದಕ್ಕೇ. ನವೆಂಬರ್ ಕೊನೆಗೆ ಉತ್ತರದ ಕಡೆ ಪಶ್ಚಿಮದ ಮೇಲ್ಗಾಳಿ ಇಳಿದು ಬಂದಾಗ ಮುದ್ದೆ ಈಶಾನ್ಯಕ್ಕೆ ಹಾರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ನಮ್ಮ ಸಮುದ್ರಕ್ಕೂ ಶಿಯರ್ ನಕ್ಷೆಯನ್ನು ಉಚಿತವಾಗಿ ಹಾಕುತ್ತಾರೆ. ನನಗೆ ಮಾತ್ರ ಆ ಬತ್ತಲೆ ಸುಳಿಯ ಮೇಲೆ ನಂಬಿಕೆ ಹೆಚ್ಚು. ನಕ್ಷೆಯಲ್ಲಿ ಅಂದಾಜೂ ಬೆರೆತಿರುತ್ತದೆ, ಸುಳಿ ಕಣ್ಣೆದುರಿಗೆ ಇರುತ್ತದೆ.

ಸಕ್ಷನ್ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯೇ?

ಪಂಪಿನವರಿಗೆ ಇದು ತೀರಾ ಪರಿಚಿತ ರೋಗ. ಮೋಟಾರ್ ಸರಿ, ವೈಂಡಿಂಗ್ ಸರಿ, ಬಾವಿಯಲ್ಲಿ ನೀರೂ ಇದೆ. ಆದರೆ ಬಾವಿಯಿಂದ ನೀರೆಳೆಯುವ ಸಕ್ಷನ್ ಪೈಪಿನ ಯಾವುದೋ ಜಾಯಿಂಟಿನಲ್ಲಿ ಕೂದಲಿನಷ್ಟು ಸಂದು. ನೀರಿನ ಜೊತೆ ಗಾಳಿ ನುಗ್ಗುತ್ತದೆ, ಪಂಪ್ ಒಣಗಿ ಕೂಗುತ್ತದೆ. ಚಂಡಮಾರುತಕ್ಕೆ ಹೀಗೆ ನುಗ್ಗುವುದು ಒಣಗಾಳಿ.

ನೋಡಬೇಕಾದ ಎತ್ತರ ಮೂರರಿಂದ ಆರು ಕಿ.ಮೀ. ನೆಲಮಟ್ಟದ ಸೆಕೆ ಇಲ್ಲಿ ಸಾಕ್ಷಿಯಾಗದು. ಚೆನ್ನೈನಲ್ಲಿ ಬೆವರು ಕಿತ್ತುಕೊಂಡು ಬರುತ್ತಿದ್ದರೂ ಮೂರು ಕಿ.ಮೀ. ಮೇಲೆ ಗಾಳಿ ಹಪ್ಪಳದಂತೆ ಒಣಗಿರಬಹುದು. ಮೋಡದಿಂದ ಬೀಳುವ ಮಳೆಹನಿ ಈ ಒಣಪದರದಲ್ಲಿ ಆವಿಯಾಗುತ್ತದೆ. ಆವಿಯಾದಾಗ ಸುತ್ತಲಿನ ಗಾಳಿ ತಣಿದು ಭಾರವಾಗಿ ದಬದಬನೆ ಕೆಳಗಿಳಿಯುತ್ತದೆ, ಸಮುದ್ರದ ಮೇಲಿದ್ದ ಬೆಚ್ಚನೆಯ ಒದ್ದೆ ಗಾಳಿಯನ್ನು ತಳ್ಳಿ ಆ ಜಾಗದಲ್ಲಿ ತಾನು ಹರಡಿಕೊಳ್ಳುತ್ತದೆ. ಆ ಜಾಗ ಮತ್ತೆ ಬೆಚ್ಚಗಾಗಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮುಂದಿನ ಮೋಡಕ್ಕೆ ಇಂಧನವಿಲ್ಲ.

ಗುರುತು ಎರಡು. ಒಂದು, ಉಪಗ್ರಹದ ನೀರಾವಿ ಚಿತ್ರದಲ್ಲಿ ಕೇಂದ್ರದ ಕಡೆಗೆ ಸುತ್ತಿಕೊಂಡು ಬರುತ್ತಿರುವ ಕಪ್ಪು ಇಲ್ಲವೇ ಕಂದು ನಾಲಗೆ. ನವೆಂಬರ್, ಡಿಸೆಂಬರ್‌ನಲ್ಲಿ ಈ ನಾಲಗೆ ಸಾಮಾನ್ಯವಾಗಿ ವಾಯವ್ಯದಿಂದ, ಮಳೆಗಾಲ ಮುಗಿದು ಒಣಗಿದ ನೆಲದ ಕಡೆಯಿಂದ ಬರುತ್ತದೆ. ಅರಬ್ಬಿ ಸಮುದ್ರದಲ್ಲಾದರೆ ಅರೇಬಿಯಾದ ಮರಳುಗಾಡಿನಿಂದ. ಎರಡು, ಮುದ್ದೆಯಾಗಿದ್ದ ಮೋಡ ಕುಸಿದು, ಅದರಿಂದ ಹೊರಕ್ಕೆ ಬಿಲ್ಲಿನಂತೆ ಬಾಗಿದ ಸಣ್ಣ ಮೋಡಗಳ ಗೆರೆ ಓಡುವುದು. ಆ ಬಿಲ್ಲು ಕಂಡರೆ ತಣ್ಣನೆಯ ಗಾಳಿ ಕೆಳಗಿಳಿದು ಹರಡುತ್ತಿದೆ ಎಂದೇ ಅರ್ಥ.

2016ರ ಅಕ್ಟೋಬರ್‌ನಲ್ಲಿ 'ಕ್ಯಾಂತ್' ಹೆಸರು ಪಡೆದ ಮೇಲೂ ಆಂಧ್ರ ತೀರದತ್ತ ಬರುತ್ತಾ ಬರುತ್ತಾ ಒಣಗಾಳಿ ಕುಡಿದು, ಶಿಯರಿಗೆ ಸಿಕ್ಕಿ ನೀರಿನ ಮೇಲೆಯೇ ಕರಗಿತು. 2013ರ ಡಿಸೆಂಬರ್‌ನ 'ಮಾದಿ'ಯದು ಇನ್ನೂ ವಿಚಿತ್ರ ಕಥೆ. ಅತಿ ತೀವ್ರ ಚಂಡಮಾರುತವಾಗಿ ಬಲಿತು ಉತ್ತರಕ್ಕೆ ಹೋಗಿ, ಹೋದ ದಾರಿಯಲ್ಲೇ ತಿರುಗಿ, ಸೊರಗುತ್ತಾ ನೈಋತ್ಯಕ್ಕೆ ಇಳಿದು, ಕೊನೆಗೆ ಬರೀ ವಾಯುಭಾರ ಕುಸಿತವಾಗಿ ತಮಿಳುನಾಡು ಸೇರಿತು.

ಓರೆ ಶಾಫ್ಟ್ ಮತ್ತು ಗಾಳಿ ಸೋರಿಕೆ ಒಟ್ಟಿಗೆ ಬರುವುದೇ ಹೆಚ್ಚು ಎನ್ನುವುದನ್ನು ಮರೆಯಬಾರದು. ನಡುಗುವ ಪಂಪಿನಲ್ಲಿ ಜಾಯಿಂಟ್ ಸಡಿಲವಾಗುವಂತೆ, ಶಿಯರ್ ಕಂಬವನ್ನು ವಾಲಿಸಿದಾಗ ಒಣಗಾಳಿಗೆ ಬಾಗಿಲು ತೆರೆಯುತ್ತದೆ. ಶಿಯರ್ ಇಲ್ಲದಿದ್ದರೆ ಎಳೆಯ ಸುಳಿ ಸುತ್ತಲಿನ ಒಣಗಾಳಿಯ ನಡುವೆಯೂ ಬದುಕಬಲ್ಲದು. ಡಂಕರ್ಟನ್ ಮತ್ತು ಮಾಂಟ್ಗೊಮರಿ ಮುಂತಾದ ವಿಜ್ಞಾನಿಗಳು 2009ರಲ್ಲಿ ಇದಕ್ಕೊಂದು ಮುದ್ದಾದ ಹೋಲಿಕೆ ಕೊಟ್ಟರು: ಕಾಂಗರೂ ಮರಿ ತಾಯಿಯ ಚೀಲದಲ್ಲಿರುವಂತೆ, ಎಳೆಯ ಸುಳಿ ತನ್ನನ್ನು ಹೊತ್ತ ಗಾಳಿಯ ಅಲೆಯೊಳಗಿನ ಒಂದು ಮುಚ್ಚಿದ ಚೀಲದಲ್ಲಿ ಬೆಳೆಯುತ್ತದೆ ಎಂದು. ಚೀಲ ಹರಿಯದಿರುವ ತನಕ ಒಣಗಾಳಿ ಹೊರಗೆ.

ಪ್ರೈಮಿಂಗ್ ಆಗಿದೆಯೇ?

ಪಂಪಿಗೆ ಮೊದಲು ನೀರು ತುಂಬಿಸದೆ ಸ್ವಿಚ್ ಹಾಕಿದರೆ ಅದು ಸುಮ್ಮನೆ ತಿರುಗುತ್ತದೆ. ಚಂಡಮಾರುತಕ್ಕೆ ಆ ಮೊದಲ ನೀರು ಎಂದರೆ ಕೆಳಮಟ್ಟದಲ್ಲಿ ಮೊದಲೇ ಇರಬೇಕಾದ ಸುತ್ತು. ಭೂಮಿಯ ತಿರುಗುವಿಕೆ ಗಾಳಿಯನ್ನು ಬಾಗಿಸಬೇಕು, ಸಮಭಾಜಕ ವೃತ್ತದ ಬಳಿ ಆ ಬಾಗು ಇಲ್ಲವೆನ್ನುವಷ್ಟು ಕಡಿಮೆ. ಐದು ಡಿಗ್ರಿ ಅಕ್ಷಾಂಶದ ಒಳಗೆ ಹುಟ್ಟಿದ ಮೋಡದ ರಾಶಿಗೆ ಈ ಕಾರಣಕ್ಕೆ ಭವಿಷ್ಯ ಕಡಿಮೆ. ನಿಯಮಕ್ಕೆ ಪುಂಡ ಮಕ್ಕಳೂ ಇರುತ್ತಾರೆ: 2001ರ ಡಿಸೆಂಬರ್‌ನಲ್ಲಿ ಸಿಂಗಪುರದ ಹತ್ತಿರ, ಸುಮಾರು ಒಂದೂವರೆ ಡಿಗ್ರಿ ಉತ್ತರದಲ್ಲಿ, 'ವಾಮೇಯ್' ಎದ್ದು ನಿಂತಿತು.

ಪರೀಕ್ಷೆ ಹೀಗೆ. ಓಷನ್‌ಸ್ಯಾಟ್‌ನಂಥ ಉಪಗ್ರಹಗಳು ಸಮುದ್ರದ ಮೇಲಿನ ಗಾಳಿಯನ್ನು ಅಳೆದು ಬಾಣಗಳಾಗಿ ತೋರಿಸುತ್ತವೆ. ಕೇಂದ್ರ ಎಂದು ಹೇಳುವ ಜಾಗದ ದಕ್ಷಿಣಕ್ಕೆ ಪಶ್ಚಿಮದಿಂದ ಬೀಸುವ ಗಾಳಿ ಇದೆಯೇ ನೋಡಿ. ಇದ್ದರೆ ಸುತ್ತು ಮುಚ್ಚಿಕೊಂಡಿದೆ. ಇಲ್ಲದೆ, ಎಲ್ಲ ಬಾಣಗಳೂ ಪೂರ್ವದಿಂದಲೇ ಬಂದು ಬರೀ ಬಾಗುತ್ತಿದ್ದರೆ ಅದು ಸುಳಿಯಾಗಿರದೆ ಉದ್ದನೆಯ ಮಡಿಕೆಯಷ್ಟೇ ಆಗಿರುತ್ತದೆ. ಒಂದೇ ಮಡಿಕೆಯಲ್ಲಿ ಎರಡು ಸಣ್ಣ ಕೇಂದ್ರಗಳು ಜಗಳವಾಡುತ್ತಿದ್ದರೆ ಇಬ್ಬರ ಜಗಳದಲ್ಲಿ ಒಂದೂ ಉದ್ಧಾರವಾಗುವುದಿಲ್ಲ.

ನೀರು ಹೊರಕ್ಕೆ ಹೋಗುವ ಡೆಲಿವರಿ ಪೈಪನ್ನೂ ಒಮ್ಮೆ ನೋಡಬೇಕು: ಮೇಲೆ ಏರಿದ ಗಾಳಿ ಹೊರಕ್ಕೆ ಹರಡಿಕೊಳ್ಳಲು ಜಾಗ ಬೇಕು. ಮುದ್ದೆಮೋಡದ ತುದಿಯಿಂದ ಎಲ್ಲ ದಿಕ್ಕಿಗೂ ಹತ್ತಿಯ ಎಳೆಗಳಂಥ ಮೋಡ ಚಾಚಿದ್ದರೆ ಪೈಪ್ ಸಲೀಸು. ಒಂದು ಅಂಚು ಚಾಕುವಿನಿಂದ ಕೊಯ್ದಂತೆ ಚೂಪಾಗಿದ್ದರೆ ಆ ಕಡೆ ತಡೆ ಇದೆ.

ಹೊತ್ತು ಸಾಲಲಿಲ್ಲವೇ?

ಎಲ್ಲ ಭಾಗ ಸರಿಯಿದ್ದೂ ಕರೆಂಟ್ ಹೋದರೆ ಏನು ಮಾಡುವುದು? ವ್ಯವಸ್ಥೆ ನೆಲ ಹತ್ತಿದರೆ ಕಥೆ ಮುಗಿಯಿತು. ಕೊಲ್ಲಿಯ ಮೇಲ್ತುದಿಯಲ್ಲಿ ಹುಟ್ಟಿದವುಗಳಿಗೆ ಬಲಿಯಲು ಒಂದೆರಡು ದಿನವೂ ಸಿಗದು. ಶ್ರೀಲಂಕಾದ ಪಕ್ಕದಲ್ಲಿ ಹುಟ್ಟಿದವುಗಳಿಗೆ ಅರ್ಧ ಮೈ ನೀರಿನಲ್ಲಿ, ಅರ್ಧ ಮೈ ಗುಡ್ಡಗಾಡಿನಲ್ಲಿ. 2020ರ ಡಿಸೆಂಬರ್‌ನಲ್ಲಿ 'ಬುರೆವಿ' ಶ್ರೀಲಂಕಾ ದಾಟಿ ಮನ್ನಾರ್ ಕೊಲ್ಲಿಗೆ ಇಳಿಯಿತು. ಸುತ್ತ ನೆಲ, ನಡುವೆ ತೊಟ್ಟಿಯಷ್ಟು ನೀರು. ಅಲ್ಲೇ ನಿಂತು, ಸೊರಗಿ, ಮಳೆ ಸುರಿಸಿ ಮುಗಿಯಿತು.

ಒಂದು ಪೂರ್ತಿ ತಪಾಸಣೆ: 2024ರ ನವೆಂಬರ್

ಆ ವರ್ಷ ಕಡಲೆಕಾಯಿ ಪರಿಷೆ ನವೆಂಬರ್ 25ರ ಸೋಮವಾರ. ಅದೇ ದಿನ ಬಂಗಾಳ ಕೊಲ್ಲಿಯ ದಕ್ಷಿಣದಲ್ಲಿ ವಾಯುಭಾರ ಕುಸಿತ, ಮರುದಿನ ತೀವ್ರ ವಾಯುಭಾರ ಕುಸಿತ. 27ಕ್ಕೆ ಚಂಡಮಾರುತವಾಗುತ್ತದೆ, 'ಫೆಂಗಲ್' ಎಂಬ ಹೆಸರು ಪಡೆಯುತ್ತದೆ ಎಂಬ ನಿರೀಕ್ಷೆ. 27 ಬಂತು, ಆಗಲಿಲ್ಲ. 28 ಬಂತು, ಆಗಲಿಲ್ಲ. ತೀರ ದಾಟುವಾಗ ಅದು ತೀವ್ರ ವಾಯುಭಾರ ಕುಸಿತವಾಗಿಯೇ ಇರುತ್ತದೆ ಎಂಬ ಮುನ್ಸೂಚನೆ ಬಂತು. ಮಾಲೂರಿನಿಂದ ಫೋನ್: "ಠುಸ್ ತಾನೇ ಭಾವ?"

ನನ್ನ ತಪಾಸಣೆ ಪುಸ್ತಕದಲ್ಲಿ ಆ ದಿನ ಹೀಗೆ ಬರೆದಿದ್ದೆ. ಸಮುದ್ರ: ಸರಿ. ಸುತ್ತು: ಮುಚ್ಚಿಕೊಂಡಿದೆ. ನೆಲ: ಶ್ರೀಲಂಕಾದ ಪೂರ್ವ ಕರಾವಳಿಗೆ ಅಂಟಿಕೊಂಡು ಆಮೆಯಂತೆ ಸಾಗುತ್ತಿದೆ, ಇದೇ ಮೊದಲ ಸಂಶಯ. ಮೋಡ: ಕೇಂದ್ರದ ಸುತ್ತ ಸಮನಾಗಿ ಇಲ್ಲ, ಕಂಬವೂ ನೆಟ್ಟಗಿಲ್ಲ. ಆದರೆ ಕೊನೆಯ ಸಾಲು ಹೀಗಿತ್ತು: 'ಸತ್ತಿಲ್ಲ. ಸುಳಿ ಕರಗಿಲ್ಲ. ದ್ವೀಪದಿಂದ ದೂರ ಸರಿದರೆ ಮತ್ತೆ ನೋಡಬೇಕು.'

ಸರಿಯಿತು. 29ರ ಮಧ್ಯಾಹ್ನ ಅದು ಚಂಡಮಾರುತವಾಯಿತು. 30ರ ಶನಿವಾರ ರಾತ್ರಿ ಪುದುಚೇರಿಯ ಬಳಿ ತೀರ ದಾಟಿ, ದಾಟಿದ ಮೇಲೂ ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಪುದುಚೇರಿಯಲ್ಲಿ ಒಂದು ದಿನದಲ್ಲಿ 45 ಸೆಂ.ಮೀ.ಗೂ ಹೆಚ್ಚು ಮಳೆ. ಅದರ ಅವಶೇಷ ತಮಿಳುನಾಡಿನ ಒಳನಾಡು ಹಾದು ನಮ್ಮ ಕಡೆಗೂ ಬಂತು. ಡಿಸೆಂಬರ್ ಮೊದಲ ದಿನಗಳಲ್ಲಿ ಬೆಂಗಳೂರು ಹಗಲಿನಲ್ಲೂ ಸ್ವೆಟರ್ ಹಾಕಿಕೊಂಡು ಸೋನೆಯಲ್ಲಿ ನೆನೆಯಿತು.

ಇಲ್ಲಿ ಒಂದು ದೊಡ್ಡ ತಪ್ಪಿನಿಂದ ನಾನು ಕೂದಲೆಳೆಯಲ್ಲಿ ಪಾರಾದೆ: ತಡವಾದದ್ದನ್ನು ಕೆಟ್ಟುಹೋದದ್ದು ಎಂದುಕೊಳ್ಳುವುದು. ಕೆಳಗಿನ ಸುಳಿ ಉಳಿದಿರುವ ತನಕ ಕಾರ್ಡಿನ ಮೇಲೆ 'ರಿಪೇರಿಯಾಗದು' ಎಂದು ಬರೆಯಬಾರದು. ಸಂಜೆ ಮೋಡ ಬೋಳಾಗಿ, ಬೆಳಗಿನ ಜಾವ ಮತ್ತೆ ಉಕ್ಕುವುದು ಸಮುದ್ರದ ಮೇಲೆ ದಿನನಿತ್ಯದ ಆಟ. ಒಂದು ಚಿತ್ರ ನೋಡಿ ತೀರ್ಪು ಕೊಡಬೇಡಿ, ಕನಿಷ್ಠ ಇಪ್ಪತ್ತನಾಲ್ಕು ಗಂಟೆಯ ಚಿತ್ರಗಳನ್ನು ಓಡಿಸಿ ನೋಡಿ.

ಬೆಂಗಳೂರಿನಲ್ಲಿ ಕುಳಿತು ಮಾಡುವ ತಪ್ಪುಗಳು

ಮೊಬೈಲಿನ ಒತ್ತಡಮಾಪಕ ನೋಡಿ ಗಾಬರಿಯಾಗುವವರಿದ್ದಾರೆ. ನಮ್ಮ ಅಕ್ಷಾಂಶದಲ್ಲಿ ಗಾಳಿಯ ಒತ್ತಡಕ್ಕೆ ದಿನಕ್ಕೆರಡು ಬಾರಿ ಉಬ್ಬರ ಇಳಿತ ಇದೆ: ಬೆಳಿಗ್ಗೆ ಹತ್ತಕ್ಕೂ ರಾತ್ರಿ ಹತ್ತಕ್ಕೂ ಏರಿಕೆ, ಸಂಜೆ ನಾಲ್ಕಕ್ಕೂ ಬೆಳಗಿನ ಜಾವ ನಾಲ್ಕಕ್ಕೂ ಇಳಿಕೆ. ಮಧ್ಯಾಹ್ನ ಒತ್ತಡ ಕುಸಿಯುತ್ತಿದೆ ಎಂದರೆ ಗಡಿಯಾರ ಓಡುತ್ತಿದೆ ಎಂದಷ್ಟೇ. ಹೋಲಿಸಬೇಕಾದದ್ದು ನಿನ್ನೆಯ ಅದೇ ಗಂಟೆಯೊಡನೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಸುಮಾರು 910 ಮಿಲಿಬಾರ್ ಎಂದು ತೋರಿಸುವ ಅಂಕಿಯನ್ನು ಕಂಡು ಮಹಾಚಂಡಮಾರುತ ಎಂದುಕೊಂಡವರನ್ನೂ ನಾನು ಬಲ್ಲೆ.

ಮೋಡ ಚದುರಿ ಬಿಸಿಲು ಬಂದರೆ 'ಅದು ಸತ್ತಿತು' ಎನ್ನುವುದು ಇನ್ನೊಂದು. ಒಡಿಶಾದ ಕಡೆ ಹೊರಟ ಗಟ್ಟಿ ಚಂಡಮಾರುತ ತೇವವನ್ನೆಲ್ಲ ತನ್ನ ನಡುವಿಗೆ ಎಳೆದುಕೊಳ್ಳುತ್ತದೆ, ನಮಗೆ ಉತ್ತರದ ಒಣಗಾಳಿ ಬೀಸುತ್ತದೆ. ಬಿಸಿಲು ಅದು ಸತ್ತದ್ದಕ್ಕಷ್ಟೇ ಅಲ್ಲ, ಬೇರೆಲ್ಲೋ ಚೆನ್ನಾಗಿ ಬದುಕಿದ್ದಕ್ಕೂ ಗುರುತಾಗಬಹುದು.

ಇದರ ತಿರುವುಮುರುವೇ ನಮ್ಮ ಊರಿಗೆ ದುಬಾರಿ. 2024ರ ಅಕ್ಟೋಬರ್ ನಡುವಿನಲ್ಲಿ ಬಂದ ವ್ಯವಸ್ಥೆ ವಾಯುಭಾರ ಕುಸಿತದ ಮಟ್ಟ ದಾಟಲೇ ಇಲ್ಲ, ಹೆಸರಿಲ್ಲದೆಯೇ 17ರ ಬೆಳಗಿನ ಜಾವ ಚೆನ್ನೈ ಬಳಿ ನೆಲ ಸೇರಿತು. ಅಷ್ಟರಲ್ಲಿ ಬೆಂಗಳೂರಿನ ಉತ್ತರ ಭಾಗದ ರಸ್ತೆಗಳು ಕೆರೆಯಾಗಿದ್ದವು. 2021ರ ನವೆಂಬರ್ 19ರಂದು ತಮಿಳುನಾಡಿನ ಉತ್ತರ ತೀರ ದಾಟಿದ್ದೂ ಬರೀ ವಾಯುಭಾರ ಕುಸಿತ. ಆ ಮಳೆಗೆ ಕಡಪ ಜಿಲ್ಲೆಯ ಅನ್ನಮಯ್ಯ ಅಣೆಕಟ್ಟು ಒಡೆದು ಚೆಯ್ಯೇರು ನದಿಯ ದಂಡೆಯ ಊರುಗಳು ಕೊಚ್ಚಿಹೋದವು. ಅದರ ಬೆನ್ನಲ್ಲೇ ಯಲಹಂಕದ ವಸತಿ ಸಂಕೀರ್ಣಗಳಿಗೆ ನೀರು ನುಗ್ಗಿತು. ಚಂಡಮಾರುತದ ಪಟ್ಟಿ ಗಾಳಿಯ ವೇಗದ ಪಟ್ಟಿ, ಮಳೆಯ ಪಟ್ಟಿಯಲ್ಲ. ಚೆನ್ನೈ ಮತ್ತು ಬೆಂಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರದಲ್ಲಿವೆ, ನಡುವಿನ ನೇರ ದೂರ ಮುನ್ನೂರು ಕಿ.ಮೀ.ಗೂ ಕಡಿಮೆ. ಕಂಬ ವಾಲಿ, ಮೋಡ ಹರಡಿ, ನಿಧಾನವಾಗಿ ಪಶ್ಚಿಮಕ್ಕೆ ತೆವಳುವ ದುರ್ಬಲ ವ್ಯವಸ್ಥೆಗೆ ನಾವು ನೇರ ದಾರಿಯಲ್ಲಿದ್ದೇವೆ.

ಹಾಗಾಗಿ ಮಾಲೂರಿನ ಫೋನಿಗೆ ನನ್ನ ಉತ್ತರ ಬದಲಾಗಿದೆ. "ಹೆಸರು ಬರುತ್ತದೆಯೇ ಎಂದು ನನ್ನನ್ನು ಕೇಳಬೇಡ. ಎಲ್ಲಿ ದಡ ಹತ್ತುತ್ತದೆ, ಎಷ್ಟು ನಿಧಾನ ಬರುತ್ತದೆ ಎಂದು ಕೇಳು" ಎನ್ನುತ್ತೇನೆ. ನೆಲ್ಲೂರಿನಿಂದ ಪುದುಚೇರಿಯ ನಡುವೆ ಎಂದಾದರೆ ಟಾರ್ಪಾಲ್ ತೆಗೆ. ವಿಶಾಖಪಟ್ಟಣದಿಂದ ಮೇಲೆ ಎಂದಾದರೆ ರಾಗಿ ಕೊಯ್ಯಲು ಆಳು ಹುಡುಕು. ಫೆಂಗಲ್ ವರ್ಷ ಅವನು ಕೊಯ್ದ ತೆನೆಯನ್ನು ಗುರುವಾರವೇ ಮೆದೆ ಹಾಕಿ ಹೊದಿಸಿಬಿಟ್ಟ. ಶನಿವಾರ ರಾತ್ರಿ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ: ಮನೆಯ ಹಿಂದಿನ ಬಾವಿಯ ಪಂಪ್ ಕೂಗುತ್ತಿದೆ, ನೀರು ಬರುತ್ತಿಲ್ಲವಂತೆ. ಫುಟ್‌ವಾಲ್ವ್ ನೋಡು ಎಂದೆ.